ತಣ್ಣೀರುಬಾವಿ ಗೇಟಿನ ಚಿಲಕ

ಫೆಬ್ರವರಿ ೩೦, ೨೧೯೭

ಗೋಡೆ ಕಟ್ಟುವ ಮುಂಚಿನವರಿಗೆ,

ಮೊದಲಿಗೆ ಸಾರಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ, ತಾರೀಕು ನೋಡಿ ನಗಬೇಡಿ. ನನ್ನ ಕನ್ನಡ ಹಾಸ್ಟೆಲಿನದು, ಅರ್ಧ ಇಂಗ್ಲಿಷು. ಅಕ್ಷರವಂತೂ ಕಾಗೆ ಕಾಲಿನ ಹಾಗಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಫಸ್ಟ್ ಇಯರಿನವರು ಒಂದು ಹಿಂದೋಲೆ ಬರೆಯಲೇಬೇಕೆಂಬುದು ಕಾಲೇಜಿನ ರೂಲು. ಹಿಂದೋಲೆ ಎಂದರೆ ಸತ್ತುಹೋದವರಿಗೆ ಬರೆಯುವ ಕಾಗದ. ಹತ್ತು ಮಾರ್ಕು. ನಾನು ಮಾರ್ಕಿಗಾಗಿ ಬರೆಯುತ್ತಿಲ್ಲ.

ನಿಮ್ಮ ಫೋಟೋಗಳನ್ನು ಕ್ಲಾಸಿನಲ್ಲಿ ತೋರಿಸಿದ್ದಾರೆ. ತಣ್ಣೀರುಬಾವಿ ಬೀಚಿನಲ್ಲಿ ಪ್ಯಾಂಟು ಮೊಣಕಾಲಿಗೆ ಮಡಚಿ, ಚರುಮುರಿ ತಿನ್ನುತ್ತ, ಬಿಸಿಲಿನಲ್ಲೇ ನಿಂತಿದ್ದೀರಿ! ನಮಗೆ ಹನ್ನೊಂದರಿಂದ ನಾಲ್ಕರವರೆಗೆ ಸುಡುಹೊತ್ತು. ಹತ್ತು ನಿಮಿಷ ಹೊರಗಿದ್ದರೆ ಚರ್ಮ ಕಾಯಿಸಿದ ಹಾಲಿನ ಕೆನೆಯಂತೆ ಏಳುತ್ತದೆ. ಅದಕ್ಕೇ ಊರಿಗೂ ಕಡಲಿಗೂ ನಡುವೆ ಗೋಡೆ. ಆಚೆ ಕಡಲಕೇರಿ ಇದೆ: ಒತ್ತೊತ್ತಾಗಿ ತಗಡಿನ ಮನೆಗಳು, ಮೀನು ಒಣಗಿಸುವ ತಂತಿಗಳು, ಒಂದು ಕ್ಷೌರದಂಗಡಿ, ಎರಡು ಚಹಾದಂಗಡಿ. ಆ ತಗಡಿನಡಿ ಮಧ್ಯಾಹ್ನ ಯಾರೂ ಬದುಕುವುದಿಲ್ಲ. ಕೇರಿಯವರು ಬೆಳಗ್ಗೆ ಬಲೆ ಎಳೆದು, ಹನ್ನೊಂದರ ಸೈರನ್ ಕೂಗುತ್ತಲೇ ಗೇಟಿನೊಳಗಿನ ನೆರಳುಮನೆಗೆ ಬಂದು ಮಲಗುತ್ತಾರೆ. ಗೇಟಿಗೆ ಚಿಲಕ ಒಳಗಡೆ ಮಾತ್ರ.

ಮೊನ್ನೆ ವಾರ್ಡನ್ ಮಿಸ್ ನಮ್ಮನ್ನು, ಇಪ್ಪತ್ತೆರಡು ಹುಡುಗಿಯರನ್ನು, ಕಡಲಕೇರಿಗೆ ಟೂರ್ ಕರೆದೊಯ್ದರು. ನಾವು ಒಂದು ಗಂಟೆ ಲೇಟು. ಹಾಸ್ಟೆಲಿನ ಮಕ್ಕಳು ಬರುತ್ತಾರೆಂದು ಅವರು ಬಲೆ ಎಳೆಯದೆ ಕಾದಿದ್ದರು. ಹಗ್ಗದ ಬಾಲ ಸುತ್ತುವವರು ಅಪ್ಪಿಯಕ್ಕ, ಅರವತ್ತು ದಾಟಿದ ಹೆಂಗಸು. ನಮ್ಮ ಬೆನ್ನ ಹಿಂದೆ ನಿಂತು, ಹಗ್ಗವನ್ನು ಅಂಗೈಗೊಂದು ಸುತ್ತು ಹಾಕಿಕೊಂಡು ಹೇಳಿದರು: “ಹಗ್ಗ ಮುಟ್ಟಿದವಳು ಪಾಲುಗಾರ್ತಿ, ಆಯ್ತಾ? ಬಲೆ ದಡಕ್ಕೆ ಬಂದು ‘ಬಲೆ ಮುಟ್ಟಿತು’ ಅಂತ ನಾನು ಕೂಗುವವರೆಗೆ ಕೈ ಬಿಡ್ಲಿಕ್ಕಿಲ್ಲ. ಮೂಗು ತುರಿಸಿದ್ರೂ ಇಲ್ಲ.”

“ಬಾತ್‌ರೂಮಿಗೆ ಹೋಗ್ಬೇಕಾದ್ರೆ ಆಂಟಿ?” ಎಂದಳು ನನ್ನ ರೂಮ್‌ಮೇಟ್ ಫ್ಲೋಯ್ಡಾ.

“ಅಷ್ಟು ದೊಡ್ಡ ಕಡಲುಂಟಲ್ಲ ಮಾರಾಯ್ತಿ, ಎದುರಿಗೇ!”

ಎಲ್ಲರೂ ನಕ್ಕು, ಹಗ್ಗ ಹಿಡಿದು ಎಳೆಯತೊಡಗಿದೆವು. ಆ ನಗು ಮುಗಿದು ಹೆಚ್ಚು ಹೊತ್ತಾಗಿರಲಿಲ್ಲ, ಸೈರನ್ ಕೂಗಿತು. ಹಾಸ್ಟೆಲಿನಲ್ಲಿ ನಾವು ಐದನೇ ವರ್ಷದಿಂದ ಕಲಿತದ್ದು ಒಂದೇ: ಗಂಟೆಯಾದರೆ ಕೈಯಲ್ಲಿದ್ದದ್ದನ್ನು ಬಿಟ್ಟು ನೆಟ್ಟಗೆ ನಿಲ್ಲುವುದು. ತುತ್ತಾದರೂ ಸರಿ, ಅರ್ಧ ಹೆಣೆದ ಜಡೆಯಾದರೂ ಸರಿ. ಇಪ್ಪತ್ತೆರಡು ಜನರೂ ಒಟ್ಟಿಗೇ ಕೈ ಬಿಟ್ಟೆವು. ಯಾರೂ ಯೋಚಿಸಲಿಲ್ಲ, ನಾನಂತೂ ಇಲ್ಲ.

ತುಂಬಿದ ಬಲೆ ಹಗ್ಗವನ್ನು ಕಡಲಿಗೆ ಸೆಳೆಯಿತು. ಮುಂದಿದ್ದ ಮೂವರು ಮುಖ ಅಡಿಯಾಗಿ ಬಿದ್ದರು. ಅಪ್ಪಿಯಕ್ಕನ ಅಂಗೈಯ ಸುತ್ತು ಬಿಗಿಯಿತು, ಅವರನ್ನು ನೀರಿನವರೆಗೆ ಎಳೆದುಕೊಂಡು ಹೋಯಿತು, ಆಮೇಲೆ ನಾಲ್ಕು ಬೆರಳು ಕಿತ್ತುಕೊಂಡು ಅವರನ್ನು ಬಿಟ್ಟಿತು. ಅಷ್ಟು ರಕ್ತವನ್ನೂ ಮರಳು ಕುಡಿದುಬಿಟ್ಟಿತು.

“ಬಿಡ್ಬೇಡಿ ಅಂದದ್ದಲ್ವಾ! ಕಿವಿ ಉಂಟಾ ನಿಮಗೆ?” ಅಪ್ಪಿಯಕ್ಕನ ತಮ್ಮ ತನಿಯಪ್ಪಣ್ಣ ದೋಣಿಯ ಹುಟ್ಟು ಎತ್ತಿಕೊಂಡು ಬಂದರು. ಫ್ಲೋಯ್ಡಾಳ ಭುಜದ ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ನಾವು ಓಡಿದೆವು. ಗೋಡೆಕಾವಲಿನವರು ಲಾಠಿ ಹಿಡಿದು ಎದುರಾದರು. ಸಿಕ್ಕಿದ ಕೇರಿಯವರ ತಲೆಗೆ, ಬಾಯಿಗೆ ಹೊಡೆದರು. ಒಬ್ಬನು ತನಿಯಪ್ಪಣ್ಣನ ಕತ್ತಿನ ಮೇಲೆ ಬೂಟುಗಾಲಿಟ್ಟು ನಿಂತ, ಅವರು ಒದ್ದಾಡುವುದು ನಿಲ್ಲುವವರೆಗೆ. ಆಮೇಲೆ ನಮ್ಮನ್ನು ಒಳಗೆ ನೂಕಿ ಗೇಟು ಹಾಕಿದರು. ಕಡಲಕೇರಿ ಇಡೀ ಹೊರಗೆ.

“ಹುಡುಗಿಯರ ಮೇಲೆ ಕೈ ಮಾಡಿದವರು, ಸುಡಲಿ,” ಎಂದ ಕಾವಲಿನ ದೊಡ್ಡವನು.

ಗೇಟು ಬಡಿಯುತ್ತಿದ್ದರು. ಮೊದಲು ಮುಷ್ಟಿ, ಆಮೇಲೆ ಹುಟ್ಟು, ಆಮೇಲೆ ಬರೀ ಉಗುರು. ಚಿಲಕದ ಹತ್ತಿರ ಇದ್ದವಳು ನಾನು. “ಮಿಸ್, ತಪ್ಪು ನಮ್ಮದು, ಹಗ್ಗ ಬಿಟ್ಟದ್ದು ನಾವು,” ಎಂದೆ. ಮಿಸ್ ವಿಸಿಲ್ ಊದಿದರು: “ರೆನಿಟಾ, ಲೈನಿಗೆ!” ಚಿಲಕ ಹಿಡಿದಿದ್ದ ನನ್ನ ಕೈ ತಾನಾಗಿಯೇ ಕೆಳಗಿಳಿಯಿತು. ಆ ಕೈಯನ್ನು ನೋಡಿ ನನಗೇ ಹೇಸಿಗೆಯಾಯಿತು.

ಮತ್ತೆ ಇಟ್ಟೆ. ಎಳೆದೆ. ಗೇಟು ತೆರೆದು, ಮುಚ್ಚದ ಹಾಗೆ ಅದರ ಕಬ್ಬಿಣದ ಬಳೆಯನ್ನು ಹಿಡಿದು ನಿಂತೆ. ಬೆರಳುಗಳ ಮೇಲೆ ಲಾಠಿ ಬಿತ್ತು, ಮತ್ತೆ ಬಿತ್ತು. ನನ್ನ ತೋಳಿನಡಿ ನುಸುಳಿಕೊಂಡು ಒಬ್ಬೊಬ್ಬರೇ ಒಳಗೆ ಬಂದರು, ಬೆನ್ನೆಲ್ಲ ಬೊಬ್ಬೆ ಎದ್ದವರು, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡವರು. ತನಿಯಪ್ಪಣ್ಣ ಬರಲಿಲ್ಲ, ಬಿದ್ದಲ್ಲೇ ಇದ್ದರು. ಕೊನೆಗೆ ಬಂದದ್ದು ಅಪ್ಪಿಯಕ್ಕ. ಬೆರಳು ಉಳಿದ ಕೈಯನ್ನು ನನ್ನ ಮುರಿದ ಕೈಯ ಮೇಲಿಟ್ಟರು.

“ಸಾಕು ಮಗಾ. ಬಲೆ ಮುಟ್ಟಿತು. ಈಗ ಬಿಡು.”

ಬೆರಳು ಬಿಚ್ಚಲಾಗಲಿಲ್ಲ. ಅವರೇ ಒಂದೊಂದಾಗಿ ಬಿಡಿಸಿದರು.

ನಾಳೆ ವಿಚಾರಣೆ. ಕೇರಿಯವರೆಲ್ಲ ಕಾರಣವಿಲ್ಲದೆ ನಮ್ಮ ಮೇಲೆ ಬಿದ್ದರೆಂದು ಕಾವಲಿನವರು ಬರೆದು ತಂದಿದ್ದಾರೆ, ನಾವು ಹಗ್ಗ ಬಿಟ್ಟ ಮಾತೇ ಅದರಲ್ಲಿಲ್ಲ. ನಾವು ಇಪ್ಪತ್ತೆರಡು ಜನರೂ ಸಹಿ ಹಾಕಿದರೆ ಕೇರಿ ಕೆಡವುತ್ತಾರೆ. ನನಗೆ ತುಂಬ ಟೆನ್ಷನ್. ಹಾಸ್ಟೆಲಿನಿಂದ ತೆಗೆದರೆ ಹೋಗಲು ನನಗೆ ಬೇರೆ ಮನೆಯಿಲ್ಲ. ಆದರೂ ವಿಸಿಲಿಗೆ ಕೆಳಗಿಳಿದ ಬಲಗೈಗೆ ಪಟ್ಟಿ ಕಟ್ಟಿದೆ, ಎಡಗೈ ನಾನು ಹೇಳಿದ್ದನ್ನು ಮಾತ್ರ ಬರೆಯುತ್ತದೆ.

ನಿಮ್ಮ ಕಾಲದಲ್ಲಿ ಈ ಗೋಡೆ ಇನ್ನೂ ನಕ್ಷೆಯಲ್ಲೇ ಇರಬಹುದು. ನಕ್ಷೆ ಬರೆಯುವವರು ಯಾರಾದರೂ ನಿಮಗೆ ಗೊತ್ತಿದ್ದರೆ ಒಂದು ಮಾತು ಹೇಳಿ: ಗೇಟಿಗೆ ಹೊರಗಿನಿಂದಲೂ ತೆಗೆಯಲು ಬರುವ ಒಂದು ಚಿಲಕ ಇಡಲಿ. ಬೇರೆ ಏನೂ ಬೇಡ.

ಊಟದ ಗಂಟೆ ಆಗಿ ಆಗಲೇ ತುಂಬ ಹೊತ್ತಾಯಿತು. ಪೆನ್ನು ಇನ್ನೂ ಕೈಯಲ್ಲೇ ಇದೆ.

ರೆನಿಟಾ
ರೂಮು ೪೧