ಒಂಬತ್ತು ದಿನದ ಸೊಸೆ

ಜೂನ್ 14, ಮಂಗಳವಾರ

ಮದುವೆಯಾಗಿ ಇಪ್ಪತ್ತು ದಿನವಾದರೂ ಈ ಮನೆಗೆ ನಾನಿನ್ನೂ ನೆಂಟಳೋ, ಮನೆಯವಳೋ ಎಂಬ ಕೊರಗು ಬಿಟ್ಟಿರಲಿಲ್ಲ.

ಮನೆಯಿಂದಲೇ ಫೋನ್ ಸರ್ವೆ ಮಾಡುವುದು ನನ್ನ ಕೆಲಸ. ಇಂದು ದಿನಸಿ ಬಳಕೆಯ ಸರ್ವೆಯಲ್ಲಿ ಒಬ್ಬ ಅಜ್ಜಿಯನ್ನು, "ಮನೇಲಿ ಊಟ ಮಾಡೋರು ಎಷ್ಟು ಜನ?" ಎಂದು ಕೇಳಿದೆ.

"ನಾಲ್ಕು ಕಣಮ್ಮ. ಸೊಸೆ ಬಂದು ಒಂಬತ್ತೇ ದಿನ, ಅವಳನ್ನೂ ಸೇರಿಸ್ಬೇಕಾ?"

ನಮ್ಮ ಸರ್ವೆಯ ರೂಲ್ ಎಷ್ಟು ಮುದ್ದಾಗಿದೆ! ನೆಂಟರಾದರೆ ಲೆಕ್ಕಕ್ಕೆ ಸೇರಲು ಆರು ತಿಂಗಳು ಉಳಿದಿರಬೇಕು. ಹೊಸ ಸೊಸೆ ಮಾತ್ರ ಬಂದ ದಿನದಿಂದಲೇ ಮನೆಯವಳು.

"ಸೇರಿಸಿ ಅಜ್ಜಿ, ಖಂಡಿತ ಸೇರಿಸಿ!" ಎಂದು ಕೂಗಿಯೇಬಿಟ್ಟೆ.

"ಏಯ್ ಹುಡುಗೀ, ನೀನೂ ಲೆಕ್ಕಕ್ಕೆ ಬಂದ್ಯಂತೆ! ಸಕ್ಕರೆ ಡಬ್ಬಿ ಖಾಲಿ ಮಾಡಿದ್ದು ನೀನೇ ಅಂತಾನೂ ಬರೆಸ್ತೀನಿ!" ಎಂದು ಅಜ್ಜಿ ಸೊಸೆಯನ್ನು ಕೂಗಿ ನಕ್ಕರು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನ್ನ ಅತ್ತೆ, "ನಮ್ಮನೇಲಿ ನಾಲ್ಕು ಜನ ಕಣೇ, ಮೂರು ಅಂತ ಬರೆದೀಯ!" ಎಂದರು.

ಇವರು ಮಲಗಿದ್ದಾರೆ. ನಾನು ಮಾತ್ರ ಮೋಡದ ಮೇಲೆ ತೇಲುತ್ತಿದ್ದೇನೆ. ನಾಲ್ಕನೆಯವಳು ನಾನು, ನಾನೇ, ಇನ್ನು ಯಾರು ಕೇಳಿದರೂ ನಾಲ್ಕು ಅಂತಲೇ ಹೇಳುತ್ತೇನೆ!