ಈಚಲ ಮರದ ಈ ವರ್ಷದ ಮಗ್ಗುಲು

ಚೀಕಲಪರ್ವಿ,
೨೧-೧೧-೧೯೮೮, ಸೋಮವಾರ

ಮಗಳು ಕನಕಮ್ಮಳಿಗೆ ನಿಮ್ಮಪ್ಪ ತಾಯಣ್ಣನ ಆಶೀರ್ವಾದ.

ಆಮೇಲೆ, ನಿನ್ನೆ ನೀನು ಕೇಳಿದ್ದಕ್ಕೆ ನಾನು ‘ನೋಡೋಣ’ ಎಂದೆನಲ್ಲ, ಅದು ಉತ್ತರವಲ್ಲ ಎಂದು ನೀನು ಬಂಡಿ ಹತ್ತುವಾಗ ಅಂದದ್ದು ಸರಿ. ಮೂವತ್ತು ವರ್ಷ ಮರದ ಮೇಲೆ ನಿಂತು ಸೇಂದಿ ಇಳಿಸಿದವನಿಗೆ ಅಲ್ಲಿ ಹೊಳೆಯುವ ಯೋಚನೆ ಮಂಚದ ಮೇಲೆ ಹೊಳೆಯುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಾಳೆ ಬೆಳಿಗ್ಗೆ ಅಬಕಾರಿ ಜಮಾದಾರ ಬಂದು ಹಳ್ಳದ ದಂಡೆಯ ಈಚಲ ಮರಗಳಿಗೆ ನಂಬರು ಹಾಕುತ್ತಾನೆ. ಯಾವ ನಂಬರಿನ ಮುಂದೆ ಯಾರ ಹೆಸರೋ, ಈ ಹಂಗಾಮಿಗೆ ಆ ಮರ ಹತ್ತುವವನು ಅವನೇ. “ಯಪ್ಪಾ, ಈ ಸಲ ನಿನ್ನ ಹೆಸರು ಬರಸಬ್ಯಾಡ. ಅವ್ವ ಹ್ವಾದ ಮ್ಯಾಲ ಇಲ್ಲಿ ಯಾರದಾರ? ದೇವದುರ್ಗಕ್ಕ ಬಂದು ನಮ್ಮ ಮನ್ಯಾಗ ಇರು” ಎಂದು ನೀನು ಅಂದೆ. ನನ್ನ ಹದಿನಾಲ್ಕು ಮರಗಳನ್ನು ನೀರಮಾನ್ವಿಯ ಉರುಕುಂದಪ್ಪ ಕೇಳುತ್ತಿದ್ದಾನೆ ಎಂಬ ಸುದ್ದಿಯೂ ನಿನಗೆ ಮುಟ್ಟಿದೆ.

ರಾಯಚೂರು ಕಾಲೇಜಿನ ಒಂದೂವರೆ ವರ್ಷದಲ್ಲಿ ಕಲಿತ ಇಂಗ್ಲಿಷಿನಲ್ಲಿ ನನಗೆ ಗಟ್ಟಿಯಾಗಿ ಉಳಿದಿರುವುದು ‘ಐ ಬೆಗ್ ಟು ಸ್ಟೇಟ್’ ಒಂದೇ. ಅಷ್ಟು ಬರೆದ ಮೇಲೆ ಮುಂದೆ ಏನಾದರೂ ಹೇಳಲೇಬೇಕು. ಆದ್ದರಿಂದ ಐ ಬೆಗ್ ಟು ಸ್ಟೇಟ್: ಸೇಂದಿಯ ವಿಷಯದಲ್ಲಿ ನಿಮ್ಮಪ್ಪ ಈ ಜಿಲ್ಲೆಗೇ ಎಕ್ಸ್‌ಪರ್ಟ್. ಬಾಟನಿ ಮಾಸ್ತರರು ಈಚಲ ಮರಕ್ಕೆ ಫೀನಿಕ್ಸ್ ಎಂದೇನೋ ಉದ್ದದ ಹೆಸರು ಬೋರ್ಡಿನ ಮೇಲೆ ಬರೆದಿದ್ದರು. ಬಾಕಿ ಅರ್ಧ ಮರೆತಿದ್ದೇನೆ. ಆದರೆ ಆ ಇಡೀ ಕ್ಲಾಸಿನಲ್ಲಿ ಆ ಮರ ಹತ್ತಿದ್ದವನು ನಾನೊಬ್ಬನೇ, ಮಾಸ್ತರರೂ ಹತ್ತಿರಲಿಲ್ಲ.

ನಾನು ಎಕ್ಸ್‌ಪರ್ಟ್ ಎಂದರೆ ನಿಮ್ಮವ್ವ ಗೋಪಮ್ಮಳನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ. ಎಪ್ಪತ್ತೈದರಲ್ಲಿ ರಾಯಚೂರಿನ ಸೇಂದಿ ಅಂಗಡಿಯ ಗುತ್ತೇದಾರ ನಮ್ಮ ಮುಂದೆ ಒಂದು ಮಾತು ಆಡಿದ. “ಯಾವೂರ ಸೇಂದಿ ಆದರೇನು, ನಾ ಎಲ್ಲಾ ಒಂದ ಪೀಪಾಯಿಗಿ ಸುರಿಯಾಂವ.” ನಿಮ್ಮವ್ವ ಮನೆಗೆ ಬಂದವಳೇ ಸೈಕಲ್ಲು ಒರೆಸು ಎಂದಳು. ನಿನ್ನನ್ನು ಅಜ್ಜಿಯ ಹತ್ತಿರ ಬಿಟ್ಟು, ಅವಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಇಳಿಸುವ ಕೆಲಸ ಬಿಡುವಿದ್ದಾಗಲೆಲ್ಲ ಸೇಂದಿಯ ರುಚಿ ನೋಡಲು ಊರೂರು ತಿರುಗಿದೆ. ದೇವದುರ್ಗದ ಆಚೆ, ಕೃಷ್ಣೆಯ ದಂಡೆಯವರೆಗೆ ತುಳಿದಿದ್ದೇನೆ. ಅಲ್ಲೊಬ್ಬ ಬೂದೆಮ್ಮ ಎಂಬ ಮುದುಕಿ ನಿಮ್ಮವ್ವನನ್ನು ಬೀದಿಯಲ್ಲೇ ತಡೆದಳು. “ಗಂಡ ಕುಡಿಯಾಕ ಹೊಂಟ್ರ ಹೆಂಡ್ತಿ ಬೈಯಾಕ ಬೆನ್ನ ಹತ್ತತಾಳ. ನೀ ಏನಬೇ, ಹಿಂದ ಕುಂತು ಕುಡಸಾಕ ಹೊಂಟೀಯಲ್ಲ?” ನಿಮ್ಮವ್ವ ಇಳಿಯದೆಯೇ ಹೇಳಿದಳು: “ಅಂವ ತುಳಿಯಾಂವ ಅಷ್ಟ ಬೇ, ಕುಡಿಯಾಕಿ ನಾ.” ಮುದುಕಿ ಬಿದ್ದು ಬಿದ್ದು ನಕ್ಕು ತಾನೇ ಒಳಗಿಂದ ಗಡಿಗೆ ತಂದಳು.

ಕುಡಿಯುವುದೆಂದರೆ ಒಂದು ಗುಟುಕು. ಬಾಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಅರ್ಧ ನುಂಗಿ ಅರ್ಧ ಉಗುಳುವಳು. ಆಮೇಲೆ ನೆಲದ ಮಣ್ಣು ತೆಗೆದು ಮೂಸುವಳು. ನಾನು ಅವಳು ಹೇಳಿದ್ದನ್ನು ಮನಸ್ಸಿನಲ್ಲಿ ಬರೆದುಕೊಳ್ಳುವೆ. ದೇವದುರ್ಗದ ಕಡೆ ತಾಳೆ ಮರದ್ದು, ಮಂದ, ಮಧ್ಯಾಹ್ನಕ್ಕೆ ಕಚ್ಚುತ್ತದೆ. ಗುಂಜಹಳ್ಳಿಯದು ಎರೆ ನೆಲದ ಈಚಲು. ಹುಳಿ ಮೊದಲು ಬರುತ್ತದೆ, ಸಿಹಿ ಅದರ ಬೆನ್ನಿಗೆ ನಾಚಿಕೊಂಡು ಬರುತ್ತದೆ. ನೀರಮಾನ್ವಿಯಲ್ಲಿ ಉರುಕುಂದಪ್ಪ ಗಡಿಗೆಗೆ ವಿಪರೀತ ಹೊಗೆ ಹಾಕುತ್ತಾನೆ. ಕುಡಿದರೆ ಒಲೆಯ ಮುಂದೆ ಕೂತ ಹಾಗೆ. ಇನ್ನು ನಮ್ಮ ಚೀಕಲಪರ್ವಿಯದು, ಹೊಳೆಯ ಮರಳಿನಲ್ಲಿ ಬೇರು ಬಿಟ್ಟ ಮರದ್ದು: ಎಳನೀರಿಗೆ ಸ್ವಲ್ಪ ಸಿಟ್ಟು ಬಂದರೆ ಹೇಗೋ ಹಾಗೆ. ಇದು ನನ್ನ ಮಾತು, ಅವಳದ್ದಲ್ಲ. ಅವಳು ‘ನಮ್ದು’ ಎನ್ನುತ್ತಿದ್ದಳು, ಅಷ್ಟೇ.

ಮುಂದಿನ ಹಂಗಾಮಿಗೆ ಅದೇ ಗುತ್ತೇದಾರನ ಅಂಗಡಿಗೆ ಹೋಗಿ ಇಬ್ಬರೂ ನಿಂತೆವು. ಅವನು ನಗುತ್ತಲೇ, ಪೀಪಾಯಿಗೆ ಇನ್ನೂ ಸುರಿಯದ ಗಡಿಗೆಗಳಿಂದ ನಾಲ್ಕು ಲೋಟ ತುಂಬಿಸಿಟ್ಟು, ಯಾವುದು ಯಾವೂರದು ಹೇಳು ಎಂದ. ಅಂಗಡಿಯ ಮಂದಿಯೆಲ್ಲ ಸುತ್ತ ನೆರೆದರು. ಮೊದಲನೆಯದಕ್ಕೆ ದೇವದುರ್ಗ ಎಂದಳು. ಎರಡನೆಯದಕ್ಕೆ ಗುಂಜಹಳ್ಳಿ, ನಿನ್ನೆ ಇಳಿಸಿದ್ದು ಎಂದಳು. ಮೂರನೆಯದು ಬಾಯಿಗೆ ಹೋಗುವ ಮೊದಲೇ ನನ್ನ ಕಡೆ ನೋಡಿ ನಕ್ಕಳು, ಅದು ನಮ್ಮದೇ. ನಾಲ್ಕನೆಯದನ್ನು ಹಾಗೇ ಕೆಳಗಿಟ್ಟು ಅವನಿಗೆ ಹೇಳಿದಳು: “ಇದು ಯಾ ಮರದ್ದೂ ಅಲ್ಲೋ ಯಪ್ಪಾ, ನಿನ್ನ ಕೈಯಂದು. ನೀರು ಹಾಕಿ ಸಕ್ರಿ ಕದಡೀದಿ.” ಆ ನಗು ರಾಯಚೂರು ಸ್ಟೇಷನ್ನಿನವರೆಗೆ ಕೇಳಿರಬೇಕು. ಅವತ್ತಿನಿಂದ ನಮ್ಮ ಗಡಿಗೆಗಳನ್ನು ಅವನು ಬೇರೆ ಇಟ್ಟು, ‘ಚೀಕಲಪರ್ವಿ’ ಎಂದು ಹೆಸರು ಕೂಗಿ ಕೊಡತೊಡಗಿದ. ಕನಕಾ, ಊರಿನ ಹೆಸರು ಹೇಳಿ ಕೇಳುವ ಸೇಂದಿ ಆ ಪೇಟೆಯಲ್ಲಿ ನಮ್ಮದೊಂದೇ ಇತ್ತು. ಯಾವ ಡಿಗ್ರಿ ಅದರ ಮುಂದೆ ನಿಲ್ಲುತ್ತದೆ ಹೇಳು.

ಅಳಿಯಂದಿರು ಕುಡಿತದಿಂದ ಮನೆ ಹಾಳು ಎನ್ನುತ್ತಾರೆ. ಸುಳ್ಳಲ್ಲ. ಪಾಕೀಟು ಸಾರಾಯಿ ಬಂದ ಮೇಲೆ ನಾನೂ ಕಣ್ಣಾರೆ ಕಂಡಿದ್ದೇನೆ. ಆದರೆ ನಮ್ಮ ಅಂಗಳಕ್ಕೆ ಬಂದವನಿಗೆ ನಿಮ್ಮವ್ವ ಮೂರನೆಯ ಲೋಟ ಕೊಟ್ಟವಳಲ್ಲ, ಊರ ಗೌಡನಿಗೂ. ಕೇಳಿದರೆ “ಮರ ಮಲಗ್ಯಾದ” ಎನ್ನುತ್ತಿದ್ದಳು.

ಮರದ ಮಾತು ಬಂತು. ಇದನ್ನು ನಿನಗೆ ಹೇಳುವುದೇ ಬೇಡ, ಏಳು ವರ್ಷದವಳಿದ್ದಾಗಲೇ ನೀನು ಮರ ಓದುತ್ತಿದ್ದೆ. ಆದರೂ ಬರೆಯುತ್ತೇನೆ, ಅಳಿಯಂದಿರು ಓದಲಿ. ಈಚಲ ಮರಕ್ಕೆ ಒಂದು ವರ್ಷ ಒಂದು ಮಗ್ಗುಲು ಕೊಯ್ದರೆ ಮುಂದಿನ ವರ್ಷ ಎದುರಿನ ಮಗ್ಗುಲು. ಗಾಯ ಮಾಯಲು ಮರಕ್ಕೊಂದು ವರ್ಷ ಬೇಕು. ಹಾಗೆ ಅತ್ತ ಇತ್ತ ಕಚ್ಚು ಬಿದ್ದು ಮರ ಮೆಟ್ಟಿಲು ಮೆಟ್ಟಿಲಾಗಿ ಮೇಲೇಳುತ್ತದೆ. ಎಣಿಸಿದರೆ ಎಷ್ಟು ವರ್ಷ ಇಳಿಸಿದ್ದಾರೆ ಎಂದು ಗೊತ್ತಾಗುತ್ತದೆ. ಒಂದೇ ಮಗ್ಗುಲಿಗೆ ಎರಡು ವರ್ಷ ಕತ್ತಿ ಹಾಕಿದರೆ ಕೊರಳು ಟೊಳ್ಳಾಗಿ ಒಂದು ಗಾಳಿಗೆ ಮುರಿಯುತ್ತದೆ. ಅಂಥ ಕೆಲಸ ಮಾಡಿದವನ ಮನೆಯಲ್ಲಿ ನಮ್ಮವರು ನೀರು ಕುಡಿಯುವುದಿಲ್ಲ. ನನ್ನ ಹದಿನಾಲ್ಕು ಮರ ನೋಡು, ಮೂವತ್ತು ವರ್ಷದಲ್ಲಿ ಒಂದೂ ತಪ್ಪು ಕಚ್ಚಿಲ್ಲ.

ಹಂಗಾಮಿನ ಮೊದಲ ಬೆಳಿಗ್ಗೆ ನಾನು ಕತ್ತಿ ಮಸೆಯುವಾಗ ನಿಮ್ಮವ್ವ ಮುಂದೆ ಹೋಗಿ, ಪ್ರತಿ ಮರಕ್ಕೂ ಗಳದ ತುದಿಯಿಂದ ಸುಣ್ಣದ ಬೊಟ್ಟಿಟ್ಟು, ಬುಡಕ್ಕೆ ಕುಂಕುಮ ಹಚ್ಚಿ ಬರುತ್ತಿದ್ದಳು. ಪೂಜೆ. ಅವಳು ಹೋದ ಬೇಸಿಗೆಯಲ್ಲಿ ತೀರಿಕೊಂಡಳು. ಅವಳಿಲ್ಲದ ಮೊದಲ ಹಂಗಾಮು ಇದು. ಪೂಜೆ ನನಗೆ ಬರುವುದಿಲ್ಲ.

ನಿನ್ನೆ ನಿನ್ನನ್ನು ಬಸ್ಸಿನವರೆಗೆ ಕಳಿಸಲು ನಾನು ಬರಲಿಲ್ಲ, ಸಿಟ್ಟು ಎಂದು ತಿಳಿಯಬೇಡ. ಹಳ್ಳದ ದಾರಿಯಲ್ಲಿ ಕೆಸರು ಎಂದು ಲಾಲ್ ಸಾಬನ ಬಂಡಿಯಲ್ಲಿ ಸುತ್ತು ಹಾಕಿ ಕಳಿಸಿದೆ. ಅವನು ವಾಪಸು ಬಂದು, “ಮಗಳು ದಾರಿ ಪೂರಾ ಮಾತಾಡಲಿಲ್ಲ ನೋಡ್ ತಾಯಣ್ಣ. ಎತ್ತುಗೋಳು ನಿನ್ನ ಹೆಸರು ಹಿಡ್ದು ಬೈದ್ವು” ಎಂದ. ಅವನು ಬೇರೆ ಏನಾದರೂ ಹೇಳಿದ್ದರೆ ನಂಬಬೇಡ.

ಆದ್ದರಿಂದ ನನ್ನ ಉತ್ತರ: ನಾಳೆ ಹದಿನಾಲ್ಕು ನಂಬರಿಗೂ ತಾಯಣ್ಣ ಎಂದೇ ಬರೆಸುತ್ತೇನೆ. ರಾಯಚೂರಿನಲ್ಲಿ ಕೂಗಿಸಿಕೊಂಡ ಹೆಸರನ್ನು ಹೊಗೆ ಹಾಕುವವನ ಕೈಗೆ ಕೊಟ್ಟು ನಾನು ದೇವದುರ್ಗದಲ್ಲಿ ನಿಮ್ಮ ಜಗುಲಿಯ ಮೇಲೆ

ಈ ಸಾಲು ಮೇಲಿನ ಸಾಲಿನ ಮೇಲೆ ಹತ್ತಿತೇನೋ. ಅಕ್ಷರ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ. ಇಲ್ಲಿಗೇ ನಿಲ್ಲಿಸುತ್ತೇನೆ.

ಇಂತು ನಿಮ್ಮಪ್ಪ,
ಚೀಕಲಪರ್ವಿ ತಾಯಣ್ಣ

ತಾ.ಕ.: ಇದು ಮಂಗಳವಾರ ಬೆಳಿಗ್ಗೆ ಸೇರಿಸಿದ್ದು. ಲಾಲ್ ಸಾಬ್ ಪತ್ರಕ್ಕಾಗಿ ಬಾಗಿಲಲ್ಲಿ ನಿಂತಿದ್ದಾನೆ.

ಹಳ್ಳದ ದಾರಿಯಲ್ಲಿ ಕೆಸರಿಲ್ಲ. ಅಲ್ಲಿ ನಿಮ್ಮವ್ವ ತನ್ನದು ಎನ್ನುತ್ತಿದ್ದ ಮರವಿದೆ, ನೀನು ಆ ದಾರಿಯಲ್ಲಿ ಹೋಗಿದ್ದರೆ ಒಂದು ನೋಟಕ್ಕೆ ತಿಳಿದುಬಿಡುತ್ತಿತ್ತು. ನಂಬರು ಬೀಳುವ ಮೊದಲೇ ಅಣಿ ಮಾಡೋಣವೆಂದು ಶುಕ್ರವಾರ ಅದನ್ನು ಹತ್ತಿ, ಹೋದ ವರ್ಷದ ಮಗ್ಗುಲಿಗೇ ಕತ್ತಿ ಹಾಕಿದೆ. ತೊಗಟೆ ಎದ್ದ ಮೇಲೆ ಒಳಗೆ ಹಳೆಯ ಗಾಯದ ಕಪ್ಪು ಕಲೆ ಕಂಡಿತು. ಇಳಿದು ಬುಡದಲ್ಲಿ ಕೂತಾಗ ಇನ್ನೊಂದೂ ಹೊಳೆಯಿತು. ಆ ಸುಣ್ಣದ ಬೊಟ್ಟು ಪ್ರತಿ ಸಲವೂ ಆ ವರ್ಷ ಕೊಯ್ಯಬೇಕಾದ ಮಗ್ಗುಲಿಗೇ ಇರುತ್ತಿತ್ತು. ನನ್ನ ಕಣ್ಣು ಮಂಜಾದದ್ದು ನಿಮ್ಮವ್ವನಿಗೆ ಎಷ್ಟು ವರ್ಷದಿಂದ ಗೊತ್ತಿತ್ತೋ. ನನಗೆ ಹೇಳಲಿಲ್ಲ, ಕುಂಕುಮ ಹಚ್ಚಿ ಪೂಜೆ ಎಂದಳು.

ಹದಿಮೂರು ಮರಕ್ಕೆ ಉರುಕುಂದಪ್ಪನ ಹೆಸರು ಬರೆಸುತ್ತೇನೆ. ಹೊಗೆ ಕಡಿಮೆ ಮಾಡಬೇಕು ಎಂದು ಷರತ್ತು ಹಾಕುತ್ತೇನೆ. ನಿಮ್ಮವ್ವನ ಮರಕ್ಕೆ ಈ ವರ್ಷ ನಂಬರು ಬೇಡ, ಅದು ಮಲಗಲಿ. ಈಗ ಆ ಹದಿಮೂರಕ್ಕೆ ಬೊಟ್ಟಿಡಲು ಸುಣ್ಣದ ಡಬ್ಬಿಯನ್ನೂ ಗಳವನ್ನೂ ತೆಗೆದುಕೊಂಡು ಹೊರಟಿದ್ದೇನೆ. ಕಚ್ಚುಗಳನ್ನು ಕೈಯಿಂದ ತಡವಿ ನೋಡಿದರೆ ಮಗ್ಗುಲು ತಪ್ಪುವುದಿಲ್ಲ.

ಬರುವ ಭಾನುವಾರ ಬಾ. ಹಳ್ಳದ ದಾರಿಯಿಂದಲೇ ಬಾ.