ನಾಲ್ಕು ನಿಮಿಷದ ನೀರು

ಜುಲೈ 3, 2017. ಸೋಮವಾರ

ಇವತ್ತೂ ಐದಕ್ಕೇ ಎಚ್ಚರ. ಆಸ್ಪತ್ರೆ ಅಡುಗೆಮನೆಯ ಕೆಲಸ ಬಿಟ್ಟು ಎರಡು ವಾರ ಆಗುತ್ತಾ ಬಂತು. ಮೈಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ. ಟೀ ಮಾಡಿಕೊಂಡು ಕೂತೆ. ಭೂಮಿಯ ಈ ತುದಿಯಲ್ಲಿ ಜುಲೈ ಅಂದರೆ ನಡು ಚಳಿಗಾಲ, ಹೊರಗೆ ಹುಲ್ಲೆಲ್ಲ ಹಿಮಗಟ್ಟಿ ಬೆಳ್ಳಗೆ.

ನನ್ನ ಗಂಡ ನೆವಿಲ್ ಆರೂವರೆಗೆ ಎದ್ದು ಬಂದ. ರಿಟೈರ್ ಆದವರು ಎಂಟು ಗಂಟೆವರೆಗೆ ಮಲಗಬೇಕು ಅಂತ ಕಾನೂನಿದೆ ಅಂದ. ನಿನಗಿಲ್ಲವಾ ಅಂದೆ. ಏಳೂ ಹತ್ತಕ್ಕೆ ಸರಿಯಾಗಿ ರೇಡಿಯೋ ಜೋರು ಮಾಡಿದ. ಕಿವಿ ಹೋಗುತ್ತಿದೆಯೋ ಏನೋ. ಸ್ವಲ್ಪ ಹೊತ್ತಿಗೆ ತಾನೇ ಕಡಿಮೆ ಮಾಡಿದ.

ಬಿಸಿನೀರಿನ ಟ್ಯಾಂಕಿನ ಕೆಳಗೆ ಕಾಂಕ್ರೀಟು ಒದ್ದೆ. ಹಿತ್ತಿಲ ಗೋಡೆಗೆ ಆನಿಸಿ ಇಪ್ಪತ್ತೆರಡು ವರ್ಷ ನಿಂತಿದೆ, ತಳ ಪೂರ್ತಿ ತುಕ್ಕು. ಪ್ಲಂಬರ್ ಮಿರ್ಕೊನಿಗೆ ಫೋನ್ ಮಾಡಬೇಕು.

ಜುಲೈ 5. ಬುಧವಾರ

ಮಿರ್ಕೊ ಬಂದಿದ್ದ. ಟ್ಯಾಂಕನ್ನು ಮುಟ್ಟಿ, ತಟ್ಟಿ, ಡಾಕ್ಟರ ಹಾಗೆ ಮುಖ ಮಾಡಿದ.

"ಇನ್ನು ಒಂದು ತಿಂಗಳು ಬಾಳಿದ್ರೆ ಹೆಚ್ಚು ಗ್ಲೆನಿಸ್. ಹೊಸದೇ ಹಾಕ್ಸಿ. ಮನೇಲಿ ಎಷ್ಟು ಜನ?"

"ಮೂರು" ಅಂದೆ.

ಯಾಕೆ ಅಂದೆನೋ. ಬಾಯಿಂದ ಬಂದೇಬಿಟ್ಟಿತು. ಅವನು ಬರೆದುಕೊಂಡ. "ಮೂರು ಜನಕ್ಕೆ ಇನ್ನೂರೈವತ್ತು ಲೀಟರ್ ಬೇಕು. ರಾತ್ರಿ ಕರೆಂಟಲ್ಲಿ ಒಂದ್ಸಲ ಕಾಯೋದು ನಿಮ್ದು, ಹಗಲು ಖಾಲಿಯಾದ್ರೆ ಮಾರನೇ ದಿನದವರೆಗೆ ತಣ್ಣೀರೇ ಗತಿ."

ನೆವಿಲ್ ಬಾಗಿಲಲ್ಲಿ ನಿಂತಿದ್ದ. "ಇಬ್ರು" ಅಂದ. "ಈ ಮನೇಲಿ ಇರೋದು ಇಬ್ರೇ. ನೂರಾ ಅರವತ್ತರದ್ದು ಸಾಕು."

"ಅತಿಥಿಗಳು ಬಂದ್ರೆ?" ಅಂದೆ.

"ಯಾರು ಬರ್ತಾರೆ ಗ್ಲೆನ್?"

ಮಿರ್ಕೊ ನನ್ನ ಮುಖ ನೋಡಿದ, ಅವನ ಮುಖ ನೋಡಿದ. "ಗಂಡ ಹೆಂಡ್ತಿ ರಾಜಿಯಾಗಿ ಹೇಳಿ. ನಾನು ಟ್ಯಾಂಕ್ ಕೂರಿಸ್ತೀನಿ, ಸಂಸಾರ ಕೂರಿಸಲ್ಲ." ಹೋಗುವಾಗ ಇನ್ನೊಂದು ಮಾತು ಹೇಳಿದ. ಎಲ್ಲಾದರೂ ಬೇರೆ ಕಡೆ ಸೋರುತ್ತಿದೆಯೋ ನೋಡಬೇಕಂತೆ. ಯಾರೂ ನಲ್ಲಿ ಮುಟ್ಟದ ಹೊತ್ತಲ್ಲಿ ನೀರಿನ ಮೀಟರ್ ಎರಡು ಸಲ ಓದಿದರೆ ಗೊತ್ತಾಗುತ್ತದಂತೆ.

ಮೂವತ್ತು ವರ್ಷ ರೋಗಿಗಳ ತಲೆ ಎಣಿಸಿ ಸೂಪ್ ಮಾಡಿದವಳು ನಾನು. ನಲವತ್ತು ಹಾಸಿಗೆ ಅಂದರೆ ನಲವತ್ತೇ ಸೌಟು. ನಾನು ತಪ್ಪು ಎಣಿಸುವವಳಲ್ಲ.

ಜುಲೈ 7. ಶುಕ್ರವಾರ

ನೆವಿಲ್ ಕಣ್ಣಿನ ಡಾಕ್ಟರ ಹತ್ತಿರ ಹೋಗಲು ಬೆಳಗ್ಗೆಯೇ ಬಸ್ ಹಿಡಿದ. ಮನೆಯಲ್ಲಿ ನಾನೊಬ್ಬಳೇ. ರೇಡಿಯೋ ಇಲ್ಲ.

ಏಳೂ ಹತ್ತು. ಗೋಡೆಯೊಳಗೆ ಪೈಪು ಎರಡು ಸಲ ಬಡಿಯಿತು. ಆಮೇಲೆ ನೀರಿನ ಸದ್ದು. ಶವರ್.

ಎದ್ದು ಹೋಗಲಿಲ್ಲ, ಹೆದರಿಕೆ ಆಯಿತು, ಅದನ್ನು ಮುಚ್ಚಿಟ್ಟುಕೊಳ್ಳುವುದೇನು. ಸದ್ದು ನಿಂತ ಮೇಲೆ ಹೋದೆ. ಬಚ್ಚಲಲ್ಲಿ ಯಾರೂ ಇಲ್ಲ. ಕನ್ನಡಿ ಮಬ್ಬು. ನೆಲ ಒದ್ದೆ. ಗೋಡೆಗೆ ಅಂಟಿಸಿದ ಆ ಮರಳು ಗಡಿಯಾರ — ಬರಗಾಲದಲ್ಲಿ ಮನೆಮನೆಗೂ ಹಂಚಿದ್ದು, ಸ್ನಾನ ನಾಲ್ಕೇ ನಿಮಿಷದಲ್ಲಿ ಮುಗಿಯಲಿ ಅಂತ — ಅದರಲ್ಲಿ ಮರಳು ಗಟ್ಟಿಯಾಗಿ ವರ್ಷಗಳೇ ಆಗಿತ್ತು. ಅದು ತಲೆಕೆಳಗಾಗಿತ್ತು. ಕೊನೆಯ ನಾಲ್ಕು ಕಾಳು ಕೆಳಗೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ.

ನೆವಿಲ್‌ಗೆ ಹೇಳಲಿಲ್ಲ. ಕನ್ನಡಕ ಬದಲಿಸಬೇಕಂತೆ ಅವನಿಗೆ.

ಜುಲೈ 8. ಶನಿವಾರ. ಬೆಳಗ್ಗೆ 7.30

ಮೀಟರ್ ಓದಿದೆ. ಏಳೂ ಐದಕ್ಕೆ ಒಂದು ಸಲ, ಏಳೂ ಇಪ್ಪತ್ತಕ್ಕೆ ಒಂದು ಸಲ. ನೆವಿಲ್ ಆಗ ರೇಡಿಯೋ ಮುಂದೆ, ಕೈಯಲ್ಲಿ ಟೋಸ್ಟು.

ಮೂವತ್ತಾರು ಲೀಟರ್.

ನಮ್ಮ ಶವರ್ ನಿಮಿಷಕ್ಕೆ ಒಂಬತ್ತು ಲೀಟರಿನದು, ಅದೂ ಬರಗಾಲದಲ್ಲಿ ಹಾಕಿಸಿದ್ದು. ನಾಲ್ಕು ಒಂಬತ್ತಲೆ ಮೂವತ್ತಾರು. ಸೋರುವ ಪೈಪಿಗೆ ಇಷ್ಟು ಶಿಸ್ತು ಇರುವುದಿಲ್ಲ.

ಅದೇ ದಿನ, ಮಧ್ಯಾಹ್ನ

ಒಂಬತ್ತು ವರ್ಷದಿಂದ ಬರೆಯದೆ ಇಟ್ಟದ್ದು. ಬರೆದುಬಿಡುತ್ತೇನೆ.

ನಮ್ಮ ಮಗಳು ಕೆರಿನ್‌ಗೆ ಆಗ ಹದಿನೇಳು. ಜುಲೈ ಹದಿನೈದು, ಆವತ್ತೂ ಹೀಗೇ ಹಿಮ. ದಿನಾ ಏಳೂ ಹತ್ತಕ್ಕೆ ಸ್ನಾನಕ್ಕೆ ಹೋಗುತ್ತಿದ್ದಳು, ನಾಲ್ಕು ನಿಮಿಷ ಅಂದರೆ ಆರು ಮಾಡುತ್ತಿದ್ದಳು. ಊರಿನ ಕೆರೆ ಒಣಗಿ ಹುಲ್ಲು ಬೆಳೆದಿತ್ತು. ಬಚ್ಚಲ ನೀರಿಗೂ ಪೈಪು ಸಿಕ್ಕಿಸಿ ನಿಂಬೆ ಗಿಡಕ್ಕೆ ಬಿಡುತ್ತಿದ್ದೆವು. ಬೀದಿಯ ಎಲ್ಲ ತಾಯಂದಿರೂ ಮಾಡುತ್ತಿದ್ದದ್ದನ್ನೇ ನಾನೂ ಮಾಡಿದೆ. ಏಳನೇ ನಿಮಿಷಕ್ಕೆ ಹಿತ್ತಿಲಿಗೆ ಹೋಗಿ ಟ್ಯಾಂಕಿನ ನಲ್ಲಿ ತಿರುಗಿಸಿ ಬಿಸಿನೀರು ನಿಲ್ಲಿಸಿದೆ.

"ಅಮ್ಮಾ, ತಲೇಲಿ ಇನ್ನೂ ನೊರೆ ಇದೆ" ಅಂತ ಒಳಗಿಂದ ಕೂಗಿದಳು. ಕೇಳಿಸಿತು. ಕೇಳಿಸದ ಹಾಗೆ ನಿಂತೆ. ಪಾಠ ಕಲಿಯಲಿ ಅಂತ.

ನೊರೆ ತಲೆಯಲ್ಲೇ ಸೈಕಲ್ ಹತ್ತಿ ಹೋದಳು. ನನ್ನ ಕಡೆ ನೋಡಲಿಲ್ಲ. ಸೇತುವೆ ಹತ್ತಿರ ರಸ್ತೆ ಹಿಮಗಟ್ಟಿತ್ತು, ಎದುರಿಗೆ ಲಾರಿ. ಆಸ್ಪತ್ರೆಯಲ್ಲಿ ಗುರುತು ಹಿಡಿಯಲು ಕರೆದಾಗ ಅವಳ ಕೂದಲಲ್ಲಿ ಸಾಬೂನು ಒಣಗಿ ಬೆಳ್ಳಗಾಗಿತ್ತು. ಬೇರೇನೂ ನನಗೆ ನೆನಪಿಲ್ಲ.

ಅದಾದ ಮೇಲೆ ಬೆಳಗಿನ ಪಾಳಿ ಕೇಳಿ ಪಡೆದೆ. ಆರಕ್ಕೇ ಮನೆ ಬಿಡುವ ಪಾಳಿ. ಏಳು ಗಂಟೆಗೆ ಈ ಮನೆಯಲ್ಲಿ ಇರಬಾರದು, ಅಷ್ಟೇ ಬೇಕಿತ್ತು. ರಜೆ ಸಿಕ್ಕರೆ ತಂಗಿಯ ಮನೆಗೆ ಓಡುತ್ತಿದ್ದೆ.

ನಾನೂರು ಲೀಟರಿನ ಟ್ಯಾಂಕೇ ಹಾಕಿಸುತ್ತೇನೆ. ಐದು ಜನರ ಮನೆಗೆ ಹಾಕುವಂಥದ್ದು. ನೆವಿಲ್ ಏನಾದರೂ ಅಂದುಕೊಳ್ಳಲಿ.

ಜುಲೈ 12. ಬುಧವಾರ

ಮೋಸ. ನಿನ್ನೆ ನಾನು ತಂಗಿಯ ಮನೆಗೆ ಹೋಗಿದ್ದಾಗ ನೆವಿಲ್ ಕೆಲಸ ಮುಗಿಸಿದ್ದಾನೆ. ಹಿತ್ತಿಲಲ್ಲಿ ಹೊಸ ಟ್ಯಾಂಕು, ನನ್ನ ಸೊಂಟದೆತ್ತರ. ನೂರಾ ಅರವತ್ತು.

"ಯಾರನ್ನ ಕೇಳಿ ಹಾಕಿಸ್ದೆ?" ಅಂದೆ.

"ಇಬ್ರಿಗೆ ಸಾಕು."

"ಇಬ್ರಲ್ಲ ನೆವಿಲ್. ಮೀಟರ್ ಓದಿದೀನಿ ನಾನು."

ಕುರ್ಚಿ ಎಳೆದುಕೊಂಡು ಕೂತ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ: "ಮೂವತ್ತಾರು ಲೀಟರ್."

ಅವನಿಗೆ ಗೊತ್ತಿತ್ತು.

"ಒಂಬತ್ತು ವರ್ಷದಿಂದ ಕೇಳ್ತಿದೀನಿ ಗ್ಲೆನ್. ನೀನು ಕೆಲಸಕ್ಕೆ ಹೋದ್ಮೇಲೆ ಇಲ್ಲೇ ಕೂತು ಕೇಳ್ತಿದ್ದೆ. ಏಳೂ ಹತ್ತಕ್ಕೆ ಶುರು, ಏಳೂ ಹದಿನಾಲ್ಕಕ್ಕೆ ಬಂದ್. ಒಂದಿನಾನೂ ಐದನೇ ನಿಮಿಷಕ್ಕೆ ಹೋಗಿಲ್ಲ ಅವಳು. ನಮಗೆ ಹೆದರಿ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬಚ್ಚಲ ಬಾಗಿಲಲ್ಲೇ ಹಾಸಿಗೆ ಹಾಸ್ಕೊಂಡಿರ್ತಿದ್ದೆ."

ಅದು ನಿಜ.

"ಬಿಸಿನೀರು ಇರೋವರ್ಗೂ ಬರ್ತಾಳೆ ಕಣೇ. ಇಬ್ರಿಗೆ ಆಗೋಷ್ಟೇ ಇದ್ದು ನಾವಿಬ್ರೂ ಮೊದ್ಲೇ ಸ್ನಾನ ಮಾಡಿದ್ರೆ, ಮೂರನೆಯವ್ರಿಗೆ ತಣ್ಣೀರು. ಒಂದೆರಡು ದಿನ ತಣ್ಣೀರು ಬಿದ್ರೆ ಹೋಗ್ತಾಳೆ. ಹೋಗ್ಲಿ ಬಿಡು. ಎಷ್ಟು ವರ್ಷ ಅಂತ ಹೆದರ್ಕೊಂಡು ಸ್ನಾನ ಮಾಡ್ತಾಳೆ ಮಗು."

ಅವನ ಮೇಲೆ ಕೈ ಎತ್ತಬೇಕು ಅನ್ನಿಸಿತು. ಎತ್ತಲಿಲ್ಲ. ಇನ್ನೊಂದು ಸಲ ತಣ್ಣೀರು? ಅದೇ ಹುಡುಗಿಗೆ, ಅದೇ ಮನೆಯಲ್ಲಿ? ನಾನಿರುವಾಗ ಅದು ಆಗುವುದಿಲ್ಲ.

ಜುಲೈ 14. ಶುಕ್ರವಾರ

ಎರಡು ದಿನದಿಂದ ಸ್ನಾನ ಮಾಡಿಲ್ಲ. ಪಾತ್ರೆಗೆ ಕೆಟಲ್‌ನಲ್ಲಿ ನೀರು ಕಾಯಿಸುತ್ತೇನೆ. ಟ್ಯಾಂಕಿನಿಂದ ಒಂದು ತೊಟ್ಟೂ ತೆಗೆದಿಲ್ಲ. ಬೆಳಗ್ಗೆ ಏಳೂ ಹತ್ತು, ಏಳೂ ಹದಿನಾಲ್ಕು. ಸರಿಯಾಗಿ.

ಬಟ್ಟೆ ಒಗೆಯಲು ತೆಗೆದಾಗ ನೋಡಿದೆ. ನೆವಿಲ್‌ನ ಟವೆಲು ಮಡಿಸಿಟ್ಟ ಹಾಗೇ ಇದೆ, ಒಣ ಒಣ. ಅವನ ಹತ್ತಿರ ಹೋಗಿ ಮೂಸಿದೆ. ಟ್ಯಾಂಕು ಹಾಕಿಸಿದಾಗಿನಿಂದ ಅವನೂ ನೀರು ಮುಟ್ಟಿಲ್ಲ.

"ಏನಯ್ಯಾ ಇದು, ಕುರಿದೊಡ್ಡಿ ವಾಸ್ನೆ ಹೊಡೀತಿದೀಯ."

"ಚಳಿ" ಅಂದ.

"ಅವಳು ಹೋಗ್ಲಿ ಅಂದವನು ನೀನೇ ಅಲ್ವಾ?"

"ಅಂದೆ. ಅಂದಷ್ಟು ಸುಲಭಾನಾ" ಅಂದ. ಮುಖ ಆ ಕಡೆ ತಿರುಗಿಸಿಕೊಂಡ. ನಗು ಬಂತು ನನಗೆ, ಅದರ ಹಿಂದೆಯೇ ಅಳು. ಇಬ್ಬರು ಮುದುಕರು, ಕೊಳಕು ಮೈಯಲ್ಲಿ, ಮಗಳಿಗೆ ನೀರು ಉಳಿಸಿಕೊಂಡು ಕೂತಿದ್ದೇವೆ.

ಸಂಜೆ ಬಚ್ಚಲಿಗೆ ಹೋಗಿ ಮರಳು ಗಡಿಯಾರ ಕಿತ್ತೆ. ಟೈಲಿನ ಮೇಲೆ ಒಂದು ದುಂಡು ಗುರುತು ಉಳಿಯಿತು. ಖಾಲಿ ಬಚ್ಚಲಿಗೆ ಜೋರಾಗಿಯೇ ಹೇಳಿದೆ: "ನಾಳೆ ನಿಧಾನವಾಗಿ ಮಾಡ್ಕೋ ಪುಟ್ಟಾ. ಯಾರೂ ನಿಲ್ಲಿಸಲ್ಲ."

ನೆವಿಲ್ ಕಸದ ಬುಟ್ಟಿಯಲ್ಲಿ ಗಡಿಯಾರ ನೋಡಿದ. ಬುಟ್ಟಿಯ ಮುಚ್ಚಳ ಹಾಕಿದ.

ಜುಲೈ 15. ಶನಿವಾರ

6.50. ಇಬ್ಬರೂ ಅಡುಗೆಮನೆಯಲ್ಲಿ. ರೇಡಿಯೋ ಹಾಕಿಲ್ಲ. ಅವಳ ಹಳದಿ ಟವೆಲನ್ನು ಹೀಟರ್ ಮೇಲೆ ಹರಡಿದ್ದೇನೆ.

7.10. ಪೈಪು ಬಡಿಯಿತು.

7.14. ನಿಲ್ಲಲಿಲ್ಲ. ನೆವಿಲ್ ನನ್ನ ಕೈ ಹಿಡಿದಿದ್ದಾನೆ, ಎಡಗೈ. ಬಲಗೈಯಲ್ಲಿ ಬರೆಯುತ್ತಿದ್ದೇನೆ.

7.17. ಏಳನೇ ನಿಮಿಷ. ನೆವಿಲ್ ದಡಕ್ಕನೆ ಎದ್ದು ಹಿತ್ತಿಲಿಗೆ ಹೋದ. ಕಿಟಕಿಯಲ್ಲಿ ಕಾಣುತ್ತಾನೆ. ಟ್ಯಾಂಕಿನ ನಲ್ಲಿಯ ಮೇಲೆ ಎರಡೂ ಕೈ ಇಟ್ಟು ನಿಂತಿದ್ದಾನೆ.

7.20. ತಿರುಗಿಸುತ್ತಿಲ್ಲ. ಕಾಯುತ್ತಿದ್ದಾನೆ. ಬೇರೆ ಯಾರೂ ಮುಟ್ಟದ ಹಾಗೆ.

7.29. ನೀರು ಬರುತ್ತಲೇ ಇದೆ. ಆವಿ ಬಾಗಿಲ ಸಂದಿಯಿಂದ ಹೊರಗೆ ಬರುತ್ತಿದೆ, ಒಲೆಯವರೆಗೂ. ಅವಳ ಶಾಂಪೂ ವಾಸನೆ. ಸೇಬಿನದು. ಆ ಬಾಟಲಿ ಈಗ ಅಂಗಡಿಗಳಲ್ಲೇ ಇಲ್ಲ.

7.40. ಈ ಟ್ಯಾಂಕಲ್ಲಿ ಇಪ್ಪತ್ತೈದು ನಿಮಿಷದ ನೀರಿದ್ದರೆ ಹೆಚ್ಚು. ಖಾಲಿಯಾಗಿರಬೇಕು. ತಣ್ಣಗಾಗಿರಬೇಕು. ಕಿಟಕಿ ತಟ್ಟಿ ಕೇಳಿದೆ. ನೆವಿಲ್ ಪೈಪು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡ. "ಸುಡ್ತಿದೆ" ಅಂದ. ಆಮೇಲೆ ನಿಂಬೆ ಗಿಡದ ಕಡೆ ಕೈ ತೋರಿಸಿದ. ಬರಗಾಲದ ಆ ಪೈಪು ನಾವು ತೆಗೆದೇ ಇರಲಿಲ್ಲ. ಹಿಮದ ಹುಲ್ಲಿನ ಮೇಲೆ, ಗಿಡದ ಬುಡದಲ್ಲಿ, ನೊರೆ. ಬಕೆಟ್‌ಗಟ್ಟಲೆ ಬಿಳೀ ನೊರೆ. ಬರುತ್ತಲೇ ಇದೆ.

7.46. ನೊರೆ ನಿಂತು ಬರೀ ನೀರು. ತಿಳಿ ನೀರು. ನೆವಿಲ್ ಹುಲ್ಲಿನ ಮೇಲೆ ಕೂತುಬಿಟ್ಟಿದ್ದಾನೆ.

7.47. ಶವರ್ ನಿಂತಿತು. ಈ ಮನೆಯಲ್ಲಿ ಇಷ್ಟು ಮೌನ ನಾನು ಕೇಳಿಲ್ಲ.

ಚಿಲಕ ಸರಿಯಿತು.

"ಅಮ್ಮಾ, ಟವೆಲ್" ಅಂತ —

ಕೇಳಿಸಿತು. ಈ ಸಲ ಕೇಳಿಸಿತು ಕಣೇ, ಬಂದೆ, ಇಗೋ ಬಿಸಿಯಾಗೇ ಇದೆ, ಬಂ